ಸೊಟ್ಟ ಬೈತಲೆ, ಸ್ವಂತ ಜಡೆ

ಡಿಸೆಂಬರಿನ ಬೆಳಿಗ್ಗೆ ಕಡೂರಿನ ಸುತ್ತಲ ಹಳ್ಳಿಗಳಲ್ಲಿ ಮಕ್ಕಳಿಗಿಂತ ಮೊದಲು ಬಿಸಿಲಿಗೆ ಬಂದು ಕೂರುವುದು ಕೊಬ್ಬರಿ ಎಣ್ಣೆಯ ಬಾಟಲಿ. ಚಳಿಗೆ ಉಷ್ಣಾಂಶ 24 ಡಿಗ್ರಿಗಿಂತ ಕೆಳಗಿಳಿದರೆ ಎಣ್ಣೆ ಹೆಪ್ಪುಗಟ್ಟಿ ಬೆಳ್ಳಗಾಗುತ್ತದೆ. ಅದು ಕರಗುವ ಹೊತ್ತಿಗೆ ಅವ್ವ ಬಾಗಿಲ ಮೆಟ್ಟಿಲ ಮೇಲೆ ಕೂತಾಗಿರುತ್ತದೆ. ಒಂದು ಮೆಟ್ಟಿಲು ಕೆಳಗೆ, ಅವಳ ಮೊಣಕಾಲುಗಳ ನಡುವೆ, ಐದನೇ ಕ್ಲಾಸಿನ ಮಗಳು. ಅವ್ವನ ಹಲ್ಲಿನ ನಡುವೆ ಕಪ್ಪು ಟೇಪು. ಟೇಪು ಕಚ್ಚಿಕೊಂಡೇ ಗದರಿಕೆ: "ಅಲ್ಲಾಡಬ್ಯಾಡ ಕಣೆ, ಬೈತಲೆ ಸೊಟ್ಟ ಆಗುತ್ತೆ."

ನೆತ್ತಿಗೆ ಎಣ್ಣೆ ತಟ್ಟಿ, ಬಾಚಣಿಗೆಯ ಮೊನೆಯಿಂದ ಹಣೆಯಿಂದ ಕತ್ತಿನವರೆಗೆ ಒಂದೇ ಗೆರೆ ಎಳೆದು, ಬಲಕ್ಕೊಂದು ಎಡಕ್ಕೊಂದು ಜಡೆ ಹೆಣೆದು, ಮೇಲಕ್ಕೆ ಮಡಚಿ, ಟೇಪಿನ ಹೂವು ಕಟ್ಟಿ ಕಳಿಸುವುದಕ್ಕೆ ಅವಳಿಗೆ ಐದು ನಿಮಿಷ ಸಾಕು. ಮಗಳಿಗೆ ಮಾತ್ರ ಇದರಲ್ಲಿ ಏನೊಂದೂ ಕಾಣಿಸದು. ಊಟ ಮಾಡುವುದನ್ನು, ಗುಂಡಿ ಹಾಕಿಕೊಳ್ಳುವುದನ್ನು ಮಗು ನೋಡಿ ಕಲಿಯುತ್ತದೆ. ತಲೆ ಬಾಚುವುದು ಬೆನ್ನ ಹಿಂದೆ ನಡೆಯುವ ಕೆಲಸ. ವರ್ಷಗಟ್ಟಲೆ ದಿನಾ ನಡೆದರೂ ಅದು ಅವಳ ಕಣ್ಣಿಗೆ ಬಿದ್ದಿಲ್ಲ. "ನೀನೇ ಬಾಚ್ಕಳೆ" ಎಂದು ಒಂದು ದಿನ ಬಾಚಣಿಗೆ ಕೈಗಿಟ್ಟರೆ ಅಳು ಬರದೆ ಇನ್ನೇನು?

"ಕಲಿಸ್ತಾ ಕೂತ್ರೆ ಬಸ್ಸು ಹೋಗುತ್ತೆ" ಎನ್ನುತ್ತಾಳೆ ಅವ್ವ. ಅದು ನಿಜವೇ. ಈ ಪಾಠ ಬಸ್ಸಿನ ಹೊತ್ತಿನದಲ್ಲ, ಭಾನುವಾರದ್ದು. ತಲೆಗೆ ಎರೆದುಕೊಳ್ಳುವ ದಿನದ್ದು.

ಎರೆದುಕೊಳ್ಳುವುದು ಎಂದರೆ ಈ ಸೀಮೆಯಲ್ಲಿ ನೀರಿನ ಕಥೆ. ಬಯಲಿನ ಕಡೂರಿನಲ್ಲಿ ಎಷ್ಟೋ ನೂರು ಅಡಿ ಕೊರೆದು ಮೇಲೆತ್ತಿದ ಬೋರ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಬಿಳಿ ಜಿಡ್ಡಾಗಿ ಕೂದಲಿಗೆ ಅಂಟುತ್ತವೆ. ತೊಳೆದಷ್ಟೂ ಒರಟು, ಒಣಗಿದ ಮೇಲೆ ಸಿಕ್ಕು. ಮೈಸೋಪಿನಲ್ಲೇ ತಲೆಯನ್ನೂ ಉಜ್ಜಿಕೊಳ್ಳುವ ಮಕ್ಕಳ ಕೂದಲು ಸೋಮವಾರ ಬಾಚಣಿಗೆಗೆ ಬಗ್ಗದಿರುವುದು ಇದಕ್ಕೇ. ಸೀಗೆಪುಡಿಗೆ ಈ ತೊಂದರೆಯಿಲ್ಲ, ಅದರ ನೊರೆ ಬರುವುದು ಸಪೋನಿನ್ ಎಂಬ ಬೇರೆಯೇ ವಸ್ತುವಿನಿಂದ. ಕುರುಚಲು ಕಾಡಿನ ಚುಜ್ಜಲು ಸೊಪ್ಪನ್ನು ಒಣಗಿಸಿ ಪುಡಿ ಮಾಡಿಟ್ಟುಕೊಂಡಿದ್ದ ಅಜ್ಜಿಯರಿಗೆ ಈ ಹೆಸರು ಗೊತ್ತಿರಲಿಲ್ಲ, ತಮ್ಮ ನೀರು ಗೊತ್ತಿತ್ತು. ಎರಡರಲ್ಲಿ ಯಾವ ಪುಡಿ ಕಣ್ಣಿಗೆ ಬಿದ್ದರೂ ಉರಿ ಮಾತ್ರ ಕೇಳಬೇಡಿ. ಹಾಗಾಗಿ ಅಜ್ಜಿಯ ಮೊದಲ ಪಾಠ ಕಣ್ಣು ಮುಚ್ಚುವುದು, ಎರಡನೆಯದು ತಲೆಯನ್ನು ಮುಂದಕ್ಕೆ ಬಗ್ಗಿಸುವ ಬದಲು ಹಿಂದಕ್ಕೆ ಚೆಲ್ಲಿ ಚೊಂಬಿನಿಂದ ನೀರು ಸುರಿದುಕೊಳ್ಳುವುದು. ಉಗುರಿನಿಂದಲ್ಲ, ಬೆರಳ ತುದಿಯಿಂದ ಉಜ್ಜು ಎಂಬುದು ಮೂರನೆಯದು. ಅದನ್ನು ಎಷ್ಟು ಸಲ ಹೇಳಿದರೂ ಮಕ್ಕಳು ಕೆರೆದುಕೊಳ್ಳುತ್ತವೆ.

ಪಶ್ಚಿಮಕ್ಕೆ ತರೀಕೆರೆ ದಾಟಿ ಲಕ್ಕವಳ್ಳಿಯ ಕಡೆ ಹೋದರೆ ಅಡಿಕೆ ತೋಟ ಶುರುವಾಗುತ್ತದೆ, ಭದ್ರೆಯ ನೀರು ಸಿಗುತ್ತದೆ, ಪುಡಿಯ ಜಾಗಕ್ಕೆ ಗೊಂಪು ಬರುತ್ತದೆ. ದಾಸವಾಳದ ಎಲೆಯನ್ನು ನೀರಲ್ಲಿ ಕಿವುಚಿದರೆ ಬರುವ ಲೋಳೆ ಅದು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ ಎಂದು ನನಗನಿಸಿದೆ. ಎಲೆ ಕಿತ್ತು ತರುವುದು, ಕಿವುಚುವುದು, ನಾರು ಸೋಸುವುದು, ಎಲ್ಲ ಆಟದ ಕೆಲಸ, ಕಣ್ಣುರಿಯೂ ಇಲ್ಲ. ಅರ್ಧ ಗೊಂಪು ಬಚ್ಚಲ ಗೋಡೆಗೆ ಹೋಗುತ್ತದೆ, ಹೋಗಲಿ. ವಿಚಿತ್ರವೆಂದರೆ ಹಿತ್ತಿಲಲ್ಲಿ ದಾಸವಾಳ, ತೋಟದಲ್ಲಿ ತೆಂಗು ಇರುವ ಮನೆಗಳಿಗೂ ಈಗ ಹುಣಸೂರು ಸೀಮೆಯ ಪಕ್ಷಿರಾಜಪುರದಿಂದ ಹಕ್ಕಿಪಿಕ್ಕಿ ಸಮುದಾಯದವರ 'ಆದಿವಾಸಿ' ಎಣ್ಣೆ ಕೊರಿಯರಿನಲ್ಲಿ ಬರುತ್ತದೆ.

ಆದರೆ ಜಡೆಯ ನಿಜವಾದ ಶಾಲೆಯನ್ನು ನೋಡಬೇಕಾದರೆ ಗೌರಿ-ಗಣಪತಿ ಹಬ್ಬದ ಆಸುಪಾಸಿನಲ್ಲಿ ಅಜ್ಜಂಪುರ, ಶಿವನಿಯ ಕಡೆ ಹೋಗಬೇಕು. ಅದು ಈರುಳ್ಳಿ ಕೀಳುವ ಕಾಲ. ಕೂಲಿಯ ಆಟೋ, ಟ್ರ್ಯಾಕ್ಟರುಗಳು ಬೆಳಕು ಹರಿಯುವ ಮುಂಚೆ ಬಂದು ಅವ್ವಂದಿರನ್ನು ಹತ್ತಿಸಿಕೊಂಡು ಹೋಗುತ್ತವೆ. ಮನೆಯಲ್ಲಿ ಉಳಿಯುವವರು ಅಕ್ಕ, ತಂಗಿ, ಒಂದು ಬಾಚಣಿಗೆ, ಗೋಡೆಯ ಮೊಳೆಗೆ ತೂಗುಹಾಕಿದ ಅಂಗೈಯಗಲದ ಕನ್ನಡಿ. ಅಕ್ಕ ಏಳನೇ ಕ್ಲಾಸು, ತಂಗಿ ಇನ್ನೂ ಚಿಕ್ಕ ಮಕ್ಕಳ ನಲಿಕಲಿ ಕ್ಲಾಸು.

ಅಕ್ಕನಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ತಂಗಿಯ ತಲೆ ಅವಳ ಪಾಟಿ. ಬುಡದಿಂದ ಬಾಚಿದರೆ ಸಿಕ್ಕು ಕೆಳಗೆ ಹೋಗಿ ಗಂಟಾಗುತ್ತದೆ, ತಂಗಿ ಕಿರುಚುತ್ತಾಳೆ. ತುದಿಯಿಂದ ಸ್ವಲ್ಪ ಸ್ವಲ್ಪ ಮೇಲಕ್ಕೆ ಬಿಡಿಸಿದರೆ ಸುಮ್ಮನಿರುತ್ತಾಳೆ. ಕೂದಲನ್ನು ನಡುವೆ ಮುಷ್ಟಿಯಲ್ಲಿ ಬಿಗಿಹಿಡಿದು ಕೆಳಗೆ ಬಾಚಿದರೆ ಬುಡಕ್ಕೆ ನೋವು ತಾಗುವುದಿಲ್ಲ. ಇದೆಲ್ಲ ಅವಳು ತಂಗಿಯ ಕಿರುಚಾಟದಿಂದಲೇ ಕಲಿತದ್ದು. ಮೂರು ಕಾಲು ಮಾಡಿ, ಬಲದ್ದನ್ನು ನಡುವಿನದರ ಮೇಲೆ, ಎಡದ್ದನ್ನು ನಡುವಿನದರ ಮೇಲೆ ಹಾಕುವುದು ಬೆರಳಿಗೆ ಬಂದ ಮೇಲೆ ತನ್ನ ತಲೆಗೆ ಕೈ ಹಾಕುತ್ತಾಳೆ. ಅಷ್ಟು ಹೊತ್ತಿಗೆ ಕಣ್ಣು ಬೇಕಾಗಿರುವುದಿಲ್ಲ.

ತಂಗಿಯಿಲ್ಲದವರು ಹಳೆ ಸೀರೆಯ ಮೂರು ಪಟ್ಟಿ ಹರಿದು ಕಿಟಕಿ ಸರಳಿಗೆ ಕಟ್ಟಿ ಹೆಣೆಯುತ್ತಾರೆ. ಶಾಲೆಯ ಎರಡು ಜಡೆಯ ನಿಯಮದ ಬಗ್ಗೆ ದೊಡ್ಡ ಹುಡುಗಿಯರಿಗೆ ಬೇಸರವಿದೆ; ಸಣ್ಣವರಿಗೆ ಅದರಿಂದ ಯಾರೂ ಎಣಿಸದ ಒಂದು ಉಪಕಾರವಾಗಿದೆ. ಬೆನ್ನ ಮೇಲಿನ ಒಂಟಿ ಜಡೆ ಕೊನೆವರೆಗೂ ಕುರುಡು ಕೆಲಸ. ಎರಡು ಜಡೆಯಾದರೆ ಕಿವಿಯ ಕೆಳಗೆ ನಾಲ್ಕು ಹೆಣಿಗೆ ದಾಟುತ್ತಲೇ ಭುಜದ ಮೇಲಿಂದ ಮುಂದಕ್ಕೆ ಎಳೆದುಕೊಂಡು ನೋಡುತ್ತಾ ಹೆಣೆಯಬಹುದು. ಹತ್ತಿರದ ತಾಂಡಾಗಳಲ್ಲಿ ಕೆನ್ನೆಯ ಪಕ್ಕದ ಕೂದಲಿಗೆ ಬೆಳ್ಳಿಯ ಘುಗ್ರಿ ಇಳಿಬಿಟ್ಟ ಲಂಬಾಣಿ ಅಜ್ಜಿಯ ಪಕ್ಕದಲ್ಲೇ ಮೊಮ್ಮಗಳು ಹೀಗೆ ಜಡೆಯನ್ನು ಮುಂದಕ್ಕೆಳೆದು ಟೇಪು ಸುತ್ತುತ್ತಿರುತ್ತಾಳೆ.

ಹೇನಿನ ಮಾತು ಬಿಡುವಂತಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಉಗುರು ನೋಡುವ ಟೀಚರು ತಲೆಯನ್ನೂ ನೋಡುತ್ತಾರೆ. ಕೆಲವರು ನೋಡಿ ಸುಮ್ಮನಿರದೆ ಎಲ್ಲರೆದುರು ಹೇಳಿಬಿಡುತ್ತಾರೆ. ಆ ಮಗು ಮರುದಿನ ಶಾಲೆಗೆ ಬರುವುದಿಲ್ಲ. ಹೇನು ಕೊಳಕಿನ ಗುರುತಲ್ಲ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ, ತಲೆಗೆ ತಲೆ ತಾಗಿಸಿ ಕೂತಾಗ ಹರಿದು ಹೋಗುತ್ತದೆ. ಒಂದೇ ಪುಸ್ತಕಕ್ಕೆ ಮೂವರು ಬಗ್ಗುವ ಕ್ಲಾಸಿನಲ್ಲಿ ಇನ್ನೇನಾದೀತು! ಬುಡಕ್ಕೆ ಅಂಟಿದ ಸೀರು ಒಡೆಯಲು ವಾರದಿಂದ ಹತ್ತು ದಿನ ಬೇಕು, ಆದ್ದರಿಂದ ಒಂದು ಭಾನುವಾರದ ಬಾಚಾಟದಿಂದ ಮುಗಿಯುವುದಿಲ್ಲ. ಎಣ್ಣೆ ಹಚ್ಚಿ, ಬಿಳಿ ಬಟ್ಟೆ ಹಾಸಿ, ಒತ್ತು ಹಲ್ಲಿನ ಸೀರಣಿಗೆಯಿಂದ ಎರಡು ಮೂರು ದಿನಕ್ಕೊಮ್ಮೆ ಎರಡು ವಾರ ಎಳೆಯಬೇಕು. ಹತ್ತು ವರ್ಷದ ಮಗು ಇದನ್ನು ಮಾಡಿಕೊಳ್ಳಬಲ್ಲದು, ನೆತ್ತಿಯ ಹಿಂದಕ್ಕೆ ಮಾತ್ರ ಯಾರದಾದರೂ ಕೈ ಬೇಕು. ಸೀಮೆಎಣ್ಣೆ ಹಚ್ಚುವ ಹಳೆಯ ರೂಢಿ ಅಲ್ಲಲ್ಲಿ ಇನ್ನೂ ಇದೆ. ಚರ್ಮ ಸುಡುತ್ತದೆ, ಒಲೆಯ ಮುಂದೆ ಕೂತರೆ ಜೀವಕ್ಕೇ ಕುತ್ತು.

ಪ್ರವೇಶ ಪರೀಕ್ಷೆ ಬರೆದು ಆರನೇ ತರಗತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಸೇರುವ ಹುಡುಗಿಯರಿಗೆ ಈ ವಿದ್ಯೆ ಒಮ್ಮೆಲೇ ಬೇಕಾಗುತ್ತದೆ. ಟ್ರಂಕಿನಲ್ಲಿ ಎಣ್ಣೆ, ಬಾಚಣಿಗೆ, ಟೇಪು ಎಲ್ಲ ಇರುತ್ತದೆ, ಅವ್ವನ ಕೈ ಇರುವುದಿಲ್ಲ. ಅದಕ್ಕೇ ಜೂನ್‌ಗೆ ಮುಂಚೆ ಕೆಲವು ಮನೆಗಳಲ್ಲಿ ಮೊಣಕಾಲುದ್ದದ ಕೂದಲಿಗೂ ಕತ್ತರಿ ಬೀಳುತ್ತದೆ. ಕತ್ತರಿಸುವುದು ತಪ್ಪಲ್ಲ. ಮಗುವನ್ನು ಒಂದು ಮಾತು ಕೇಳದೆ ಕತ್ತರಿಸುವುದು ನನಗೆ ಒಪ್ಪಿಗೆಯಿಲ್ಲ.

ಹುಡುಗರದು ಬೇರೆ ದಾರಿ. ಅವರ ತಲೆ ಅಂಗಡಿಯವನ ಜವಾಬ್ದಾರಿ ಎಂದೇ ಮನೆಯವರ ಎಣಿಕೆ. 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಊರಿನ ಕ್ಷೌರಿಕರಿಗೆ ಪತ್ರ ಬರೆದು, ಹುಡುಗರಿಗೆ 'ಹೆಬ್ಬುಲಿ' ಸಿನಿಮಾ ಶೈಲಿಯ ಕಟಿಂಗ್ ಮಾಡಬೇಡಿ ಎಂದು ಕೇಳಿಕೊಂಡದ್ದು ಸುದ್ದಿಯಾಗಿತ್ತು. ಪತ್ರ ಹೋದದ್ದು ಕತ್ತರಿ ಹಿಡಿದವರಿಗೆ. ತಲೆಯ ಒಡೆಯರಿಗೆ ಎಣ್ಣೆ ಹಚ್ಚಲು, ನೊರೆ ಪೂರ್ತಿ ಹೋಗುವಂತೆ ತೊಳೆದುಕೊಳ್ಳಲು ಯಾರು ಕಲಿಸಿದರು? ಶಾಂಪೂ ಸ್ಯಾಶೆಯನ್ನು ಹಲ್ಲಿನಲ್ಲಿ ಹರಿದು ಒಣ ನೆತ್ತಿಗೇ ಸುರಿದುಕೊಳ್ಳುವ ಹುಡುಗರು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಬೇಕಾದಷ್ಟಿದ್ದಾರೆ.

ಬಾಚಿದ ಮೇಲೆ ಹಣಿಗೆಯಲ್ಲಿ ಉಳಿದದ್ದನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಸೂರಿನ ಸಂದಿಗೆ ಸಿಕ್ಕಿಸುವುದೂ ಪಾಠದ ಭಾಗವೇ. ಅನ್ನದಲ್ಲಿ ಕೂದಲು ಬರಬಾರದು ಎಂಬುದು ಒಂದು ಕಾರಣ, ಕೂದಲಿನ ವ್ಯಾಪಾರಿ ಬರುತ್ತಾನೆ ಎಂಬುದು ಇನ್ನೊಂದು. ಊರೂರು ಅಲೆದು ಕೂಡಿಸಿದ ಇಂಥ ಉಂಡೆಗಳನ್ನು ಬಿಡಿಸಿ, ಉದ್ದ ನೋಡಿ ವಿಂಗಡಿಸಿ, ವಿಗ್ಗಿಗಾಗಿ ಹೊರದೇಶಕ್ಕೆ ಕಳಿಸುವ ದೊಡ್ಡ ಉದ್ಯಮ ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿದೆ. ಬೀದಿಯಲ್ಲಿ "ಕೂದ್ಲೂ..." ಎಂಬ ಕೂಗು ಕೇಳಿದರೆ ಅಜ್ಜಂಪುರದ ಆ ಅಕ್ಕ-ತಂಗಿಯರು ಸೂರಿನಡಿಯಿಂದ ಎರಡು ಕವರು ತೆಗೆಯುತ್ತಾರೆ.

"ಇದು ಅವ್ವಂದು. ಇದು ನಮ್ದು. ಬೇರೆ ಬೇರೆ ತೂಗಣ್ಣ."

"ನಿಮ್ದು ತಕ್ಕಡೀಲಿ ತೂಗೋದೇ ಇಲ್ವಲ್ಲವ್ವ! ಎರಡು ಕ್ಲಿಪ್ಪು ತಗೊಳ್ಳಿ."

"ಎರಡು ತಲೆಗೆ ನಾಲ್ಕು ಜಡೆ ಐತಲ್ಲಣ್ಣ," ಎನ್ನುತ್ತಾಳೆ ತಂಗಿ.