ಹಾವಿನ ವಿಷ ಮತ್ತು ನರದ ಸಂದೇಶ

ಮಕ್ಕಳೇ, ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಹೆಸರು ಕೇಳಿದ್ದೀರಲ್ಲವೇ? ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣಾ ನದಿಗೆ ಬ್ಯಾರೇಜು ಕಟ್ಟಿದ ಊರು ಅದು. ಆ ಸೀಮೆಯಲ್ಲಿ ಕಬ್ಬಿನ ಹೊಲಗಳು ಬಹಳ. ಕಬ್ಬಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ರಾತ್ರಿ ನೀರು ಹಾಯಿಸುವ ರೈತರು ನಾಗರಹಾವು, ಕಟ್ಟುಹಾವುಗಳಿಗೆ ಅಂಜುವುದು ಸಹಜ. ಇವೆರಡರ ವಿಷವೂ ನರಗಳ ಕೆಲಸವನ್ನು ಕೆಡಿಸುತ್ತದೆ. ಹೇಗೆ?

ನಿಮ್ಮ ತೋರುಬೆರಳನ್ನು ಒಮ್ಮೆ ಮಡಚಿ. ಮೆದುಳಿನಿಂದ ಹೊರಟ ಸಂದೇಶ ನರದ ಮೂಲಕ ವಿದ್ಯುತ್ತಿನಂತೆ ಓಡಿ ಸ್ನಾಯುವಿನ ಬಳಿ ಬಂತು. ಆದರೆ ನರ ಮತ್ತು ಸ್ನಾಯು ಒಂದಕ್ಕೊಂದು ಅಂಟಿಕೊಂಡಿಲ್ಲ! ನಡುವೆ ಒಂದು ಸಣ್ಣ ಸಂದು ಇದೆ. ಒಂದು ಮಿಲಿಮೀಟರನ್ನು 20,000 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು. ನರದ ತುದಿಯು ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕವನ್ನು ಈ ಸಂದಿಗೆ ಸುರಿಯುತ್ತದೆ. ಸ್ನಾಯುವಿನ ಮೇಲೆ ಬೀಗಗಳಂತಹ ಗ್ರಾಹಕಗಳಿವೆ. ಅಸಿಟೈಲ್‌ಕೊಲಿನ್ ಕೀಲಿಯಂತೆ ಅವುಗಳಲ್ಲಿ ಕೂತಾಗ ಸ್ನಾಯು ಸಂಕುಚಿಸುತ್ತದೆ, ಬೆರಳು ಮಡಚುತ್ತದೆ.

ನಾಗರಹಾವಿನ ವಿಷ ಈ ಬೀಗದೊಳಗೆ ತಾನೇ ಹೋಗಿ ಕೂರುತ್ತದೆ. ತೆರೆಯುವುದಿಲ್ಲ, ನಿಜವಾದ ಕೀಲಿಗೆ ಜಾಗವನ್ನೂ ಬಿಡುವುದಿಲ್ಲ. ಕಟ್ಟುಹಾವಿನದು ಇನ್ನೂ ಕೆಟ್ಟದ್ದು. ಅದರ ವಿಷದ ಒಂದು ಅಂಶ ಕೀಲಿ ತಯಾರಾಗುವ ನರದ ತುದಿಯನ್ನೇ ಹಾಳು ಮಾಡುತ್ತದೆ. ಪಂಪ್‌ಸೆಟ್ಟಿನ ಮೋಟಾರು ಕೆಟ್ಟಿಲ್ಲ, ತಂತಿಯಲ್ಲಿ ಕರೆಂಟೂ ಇದೆ, ಸ್ಟಾರ್ಟರ್ ಮಾತ್ರ ಕೆಟ್ಟಿದೆ ಎಂದರೆ ನಿಮಗೆ ಬೇಗ ತಿಳಿದೀತು.

ಮೊದಲು ಕಣ್ಣಿನ ರೆಪ್ಪೆಗಳು ಜೋತು ಬೀಳುತ್ತವೆ. ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ, ಏಕೆಂದರೆ ಅದು ಬಡಿಯಲು ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ. ಸತ್ತಂತೆ ಮಲಗಿರುವ ರೋಗಿಗೆ ಎಚ್ಚರವಿರಬಹುದು, ಸುತ್ತಲಿನವರ ಅಳು ಕೇಳಿಸುತ್ತಿರಬಹುದು! ಅಂಥವರಿಗೆ ಯಂತ್ರದಿಂದ ಉಸಿರು ಕೊಟ್ಟರೆ ಬದುಕುತ್ತಾರೆ.

ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಇಲ್ಲವೆನ್ನುವಷ್ಟು ಕಡಿಮೆ. ಹಲ್ಲಿನ ಗುರುತೂ ಕಾಣದಿರಬಹುದು. ಮುಂಜಾನೆ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಜೋತುಬಿದ್ದಿದ್ದರೆ ಹಾವಿನ ಕಡಿತವೇ ಇರಬಹುದು. ನೋವಿಲ್ಲವೆಂದು ಕಾಯುತ್ತಾ ಕೂರಬಾರದು. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು ಕೂಡದು. ಮಂತ್ರ ಹಾಕಿಸಲು ಹೋದರೆ ಹೊತ್ತು ವ್ಯರ್ಥ.

ಆಸ್ಪತ್ರೆಯಲ್ಲಿ ಕೊಡುವ ವಿಷನಿರೋಧಕ ಔಷಧ ಕುದುರೆಯ ರಕ್ತದಿಂದ ತಯಾರಾಗುತ್ತದೆ. ರಕ್ತದಲ್ಲಿ ಓಡಾಡುವ ವಿಷವನ್ನು ಅದು ಹಿಡಿದುಹಾಕುತ್ತದೆ. ಆದರೆ ಹಾಳಾದ ನರದ ತುದಿಯನ್ನು ಅದು ಸರಿಮಾಡಲಾರದು. ಆ ತುದಿ ತಾನೇ ಮತ್ತೆ ಬೆಳೆಯಬೇಕು. ಅದಕ್ಕೆ ಹಲವು ದಿನ ಬೇಕು. ಅಲ್ಲಿಯವರೆಗೆ ರೋಗಿಯ ಪರವಾಗಿ ಯಂತ್ರವೇ ಉಸಿರಾಡುತ್ತದೆ.