ನಿರೋಧ್ ಯಾವ ರೋಗಕ್ಕೆ ಎಷ್ಟು ರಕ್ಷಣೆ?

‘ಮನೆಯಾಕೆಗೆ ಆಪರೇಷನ್ ಆಗಿದೆ, ಇನ್ನು ನಿರೋಧ್ ಯಾಕೆ?’ ಎನ್ನುವವರು ಅಕ್ಕಲಕೋಟ, ಜತ್ತ ಕಡೆ ಕಡಿಮೆಯೇನಿಲ್ಲ. ಆಪರೇಷನ್, ತಾಂಬಿ, ಗುಳಿಗೆ ಇವೆಲ್ಲ ಗರ್ಭ ನಿಲ್ಲದಂತೆ ನೋಡಿಕೊಳ್ಳುತ್ತವೆ, ಅಷ್ಟೇ. ರೋಗ ತಡೆಯುವ ಶಕ್ತಿ ಅವಕ್ಕಿಲ್ಲ. ಆ ಶಕ್ತಿ ನಿರೋಧ್‌ಗೆ ಇದೆ. ಆದರೆ ಎಲ್ಲ ರೋಗಕ್ಕೂ ಒಂದೇ ಸಮ ಇಲ್ಲ.

ಎಚ್‌ಐವಿ, ಗೊನೊರಿಯಾ (ಮರಾಠಿಯಲ್ಲಿ ಪರಮಾ), ಕ್ಲಮೀಡಿಯಾ ಇವು ವೀರ್ಯ ಮತ್ತು ಯೋನಿಸ್ರಾವದಿಂದ ಹರಡುತ್ತವೆ. ನಿರೋಧ್ ಅದಕ್ಕೇ ಅಡ್ಡ ನಿಲ್ಲುವುದರಿಂದ ಇಲ್ಲಿ ರಕ್ಷಣೆ ಹೆಚ್ಚು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ ಜೋಡಿಗಳ ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಪ್ರತಿ ಸಲವೂ ಬಳಸಿದವರಲ್ಲಿ ಸೋಂಕು ಸುಮಾರು ಶೇ. 80ರಷ್ಟು ಕಡಿಮೆ ಇತ್ತು. ಹಾಗೆಂದು ನೂರರಲ್ಲಿ 20 ನಿರೋಧ್ ಸೋರುತ್ತವೆ ಎಂದಲ್ಲ. ಬಳಸದವರಲ್ಲಿ 100 ಜನರಿಗೆ ರೋಗ ತಗಲುವಲ್ಲಿ, ಅಷ್ಟೇ ಮಂದಿ ಬಳಸುವವರಲ್ಲಿ ಸುಮಾರು 20 ಜನರಿಗೆ ತಗಲಿತು ಎಂದರ್ಥ. ತಡವಾಗಿ ಹಾಕಿಕೊಂಡವರು, ಹರಿದುಹೋದವರು ಆ 20ರಲ್ಲಿ ಸೇರಿರಬಹುದು.

ಸಿಫಿಲಿಸ್ ಅಂದರೆ ಗರ್ಮಿ, ಹರ್ಪಿಸ್, ಎಚ್‌ಪಿವಿ ಇವುಗಳ ದಾರಿ ಬೇರೆ. ಚರ್ಮಕ್ಕೆ ಚರ್ಮ ತಾಗಿದರೂ ಸಾಕು. ನಿರೋಧ್ ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಅದು ಏನು ಮಾಡೀತು? ಅಪಾಯ ಇಳಿಯುತ್ತದೆ, ಹೋಗುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣ ಈ ಎಚ್‌ಪಿವಿ. ಅದಕ್ಕೆ ಲಸಿಕೆ, ತಪಾಸಣೆ ಎರಡೂ ಇವೆ. ಸೊಲ್ಲಾಪುರದ ಪಕ್ಕದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಸುಮಾರು 1.3 ಲಕ್ಷ ಹೆಂಗಸರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಸಲ ಎಚ್‌ಪಿವಿ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಇಷ್ಟು ಹತ್ತಿರದ ಸುದ್ದಿ ನಮ್ಮ ಹಳ್ಳಿಗಳಿಗೆ ಮುಟ್ಟಿದ್ದು ಮಾತ್ರ ಕಡಿಮೆ.

ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹಚ್ಚಿದರೆ ನಿರೋಧ್‌ನ ರಬ್ಬರು ಬೇಗ ಹರಿಯುತ್ತದೆ. ಬಿಸಿಲಿಗೆ ಕಾಯುವ ಲಾರಿಯೊಳಗೆ ತಿಂಗಳುಗಟ್ಟಲೆ ಇಟ್ಟದ್ದನ್ನೂ ನಂಬಬೇಡಿ. ಎರಡು ಒಟ್ಟಿಗೆ ಹಾಕಿದರೆ ತಿಕ್ಕಾಟಕ್ಕೆ ಎರಡೂ ಹರಿದಾವು.

ಹೆಂಗಸರಲ್ಲಿ ಗೊನೊರಿಯಾ, ಕ್ಲಮೀಡಿಯಾ ಬಹಳ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಆದ್ದರಿಂದ ಗಂಡನಿಗೆ ಉರಿಮೂತ್ರ, ಕೀವು ಕಂಡು ಈ ರೋಗ ಎಂದು ಗೊತ್ತಾದರೆ ಇಬ್ಬರೂ ಒಟ್ಟಿಗೇ ಔಷಧ ತೆಗೆದುಕೊಳ್ಳಬೇಕು. ಇಲ್ಲವಾದರೆ ವಾಸಿಯಾದವರಿಗೆ ಮತ್ತೆ ತಗಲುತ್ತದೆ. ನಿರೋಧ್ ಸರ್ಕಾರಿ ದವಾಖಾನೆಯಲ್ಲಿ ಉಚಿತ. ಎಚ್‌ಐವಿ ಪರೀಕ್ಷೆಯೂ ಉಚಿತ, ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಕೇಳಲು ಸಂಕೋಚವಿದ್ದರೆ 1097ಕ್ಕೆ ಫೋನ್ ಮಾಡಿ, ಹಣ ಬೀಳುವುದಿಲ್ಲ.