ವಿಶ್ವವಿದ್ಯಾಲಯದ ದತ್ತಿನಿಧಿ: ನೀಡುವವರಿಗೂ ಪಡೆಯುವವರಿಗೂ ಮಾಹಿತಿ

ಪೀಠಿಕೆ

ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನಲ್ಲಿರುವ ವಿರೂಪಾಕ್ಷ ದೇವಾಲಯವನ್ನು ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು 8ನೆಯ ಶತಮಾನದಲ್ಲಿ ಕಟ್ಟಿಸಿದಳು. ಹಿಂದಿನ ದೊರೆ ವಿಜಯಾದಿತ್ಯನು ಗಾಯಕರಿಗೆ ನೀಡಿದ್ದ ಕೊಡುಗೆಯನ್ನು ರಾಣಿಯು ಸ್ಥಿರಪಡಿಸಿದ ಸಂಗತಿಯನ್ನು ಅಲ್ಲಿಯ ಶಾಸನವೊಂದು ತಿಳಿಸುತ್ತದೆ. ಕೊಟ್ಟವರು ಇಲ್ಲವಾದ ಮೇಲೂ ಕೊಟ್ಟದ್ದು ನಡೆಯಬೇಕಾದರೆ, ಅದು ಯಾರಿಗೆ ಮತ್ತು ಯಾವ ಉದ್ದೇಶಕ್ಕೆ ಎಂಬುದು ಸ್ಪಷ್ಟವಾಗಿ ದಾಖಲಾಗಿರಬೇಕು. ವಿಶ್ವವಿದ್ಯಾಲಯಗಳ ದತ್ತಿನಿಧಿಗೂ ಇದೇ ಮಾತು ಅನ್ವಯಿಸುತ್ತದೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳು, ಮಹಿಳೆಯರು, ಅಂಗವಿಕಲರು ಹಾಗೂ ಬಡ ಕುಟುಂಬದವರು ಉನ್ನತ ಶಿಕ್ಷಣದಲ್ಲಿ ಸಮಾನವಾಗಿ ಪಾಲ್ಗೊಳ್ಳುವಂತಾಗಲು ದಾನಿಗಳಿಂದ ಸಂಗ್ರಹವಾಗುವ ನಿಧಿಗಳ ಬಗ್ಗೆ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಈ ಭಾಗದ ಹಿನ್ನೆಲೆ

ಉತ್ತರ ಕರ್ನಾಟಕದಲ್ಲಿ ಉನ್ನತ ಶಿಕ್ಷಣವು ಬಹುಮಟ್ಟಿಗೆ ದಾನದಿಂದಲೇ ಬೆಳೆದಿದೆ. 1906ರಲ್ಲಿ ನಿಧನರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಉಯಿಲಿನ ಮೂಲಕ ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಮೀಸಲಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ. 1906ರಲ್ಲಿಯೇ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘವು ಸ್ಥಾಪನೆಯಾಯಿತು.

ಬರೋಡಾ ಸಂಸ್ಥಾನದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ನೆರವಿನಿಂದಲೇ ಡಾ. ಬಿ.ಆರ್. ಅಂಬೇಡ್ಕರ್ ಅವರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ಮುಂದೆ 1928ರಲ್ಲಿ ಅವರು ಸ್ಥಾಪಿಸಿದ ಶಿಕ್ಷಣ ಸಂಸ್ಥೆಯು ದಲಿತ ವಿದ್ಯಾರ್ಥಿಗಳಿಗಾಗಿ ವಸತಿ ನಿಲಯಗಳನ್ನು ನಡೆಸಿತು. ಅವುಗಳಲ್ಲಿ ಒಂದು ಧಾರವಾಡದಲ್ಲಿತ್ತು. ವಿದ್ಯಾರ್ಥಿಯು ಊಟ ಮತ್ತು ವಸತಿಯಿಲ್ಲದೆ ಓದನ್ನು ಮುಂದುವರಿಸಲಾರನೆಂಬುದು ಅಂದಿನವರ ಅನುಭವವಾಗಿತ್ತು. ಇಂದಿಗೂ ಆ ಸ್ಥಿತಿಯು ಪೂರ್ಣವಾಗಿ ಬದಲಾಗಿಲ್ಲ.

ದತ್ತಿನಿಧಿ ಎಂದರೇನು?

ದಾನಿಯು ನೀಡಿದ ಹಣವನ್ನು ಅದೇ ವರ್ಷ ವೆಚ್ಚ ಮಾಡಿದಲ್ಲಿ ಅದು ದೇಣಿಗೆ. ಹಣವನ್ನು ಮೂಲಧನವಾಗಿ ಠೇವಣಿಯಲ್ಲಿರಿಸಿ, ಅದರ ಬಡ್ಡಿಯನ್ನು ಮಾತ್ರ ನಿಗದಿತ ಉದ್ದೇಶಕ್ಕೆ ವಿನಿಯೋಗಿಸಿದಲ್ಲಿ ಅದು ದತ್ತಿನಿಧಿ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇಂತಹ ನಿಧಿಯನ್ನು ಸ್ವೀಕರಿಸುವ ಅಧಿಕಾರವು ಸಿಂಡಿಕೇಟ್‌ಗೆ ಇರುತ್ತದೆ.

ಉದಾಹರಣೆಗೆ, ರೂ. 2,00,000 ಮೂಲಧನಕ್ಕೆ ಶೇ. 7ರ ಬಡ್ಡಿ ದೊರೆತರೆ ವರ್ಷಕ್ಕೆ ರೂ. 14,000 ಲಭ್ಯವಾಗುತ್ತದೆ. ಪೂರ್ಣ ಬಡ್ಡಿಯನ್ನು ಪ್ರತಿವರ್ಷ ಹಂಚುತ್ತಾ ಬಂದರೆ ಮೂಲಧನವು ಹಾಗೆಯೇ ಉಳಿಯುತ್ತದೆ. ಆದರೆ ಬೆಲೆಗಳು ಏರಿದಂತೆ ಅದರ ಮೌಲ್ಯ ಕುಗ್ಗುತ್ತದೆ. ಹಿಂದೆ ಒಬ್ಬ ವಿದ್ಯಾರ್ಥಿಯ ವರ್ಷದ ವೆಚ್ಚಕ್ಕೆ ಸಾಲುತ್ತಿದ್ದ ಮೊತ್ತವು ಇಂದು ಪುಸ್ತಕಗಳಿಗೂ ಸಾಲದಿರಬಹುದು. ಆದುದರಿಂದ ಬಡ್ಡಿಯ ಒಂದು ಪಾಲನ್ನು ಮೂಲಧನಕ್ಕೆ ಮರಳಿ ಸೇರಿಸುವ ಷರತ್ತು ಅಪೇಕ್ಷಣೀಯ.

ದಾನಿಗಳ ಗಮನಕ್ಕೆ

1. ಷರತ್ತುಗಳು ಅತಿ ಸಂಕುಚಿತವಾಗಿರಬಾರದು. ಒಂದೇ ಊರಿನ, ಒಂದೇ ವಿಷಯದಲ್ಲಿ ಪ್ರಥಮ ಸ್ಥಾನ ಪಡೆದ ವಿದ್ಯಾರ್ಥಿನಿಗೆ ಮಾತ್ರ ಎಂದು ಬರೆದಲ್ಲಿ, ಅರ್ಹರು ದೊರೆಯದ ವರ್ಷಗಳಲ್ಲಿ ಹಣವು ಬಳಕೆಯಾಗದೆ ಉಳಿಯುತ್ತದೆ. ಇದರ ಬದಲು ಆದ್ಯತೆಯ ಕ್ರಮವನ್ನು ಸೂಚಿಸುವುದು ಸೂಕ್ತ. ಉದಾಹರಣೆಗೆ: ಮೊದಲು ಇಳಕಲ್ಲಿನ ನೇಕಾರ ಕುಟುಂಬದ ವಿದ್ಯಾರ್ಥಿನಿ, ಇಲ್ಲದಿದ್ದಲ್ಲಿ ಜಿಲ್ಲೆಯ ಯಾವುದೇ ನೇಕಾರ ಕುಟುಂಬದ ವಿದ್ಯಾರ್ಥಿನಿ, ಅವರೂ ಇಲ್ಲದಿದ್ದಲ್ಲಿ ಆ ವಿಭಾಗದ ಯಾವುದೇ ಬಡ ವಿದ್ಯಾರ್ಥಿನಿ.

2. ಚಿನ್ನದ ಪದಕವು ಓದನ್ನು ಮುಗಿಸಿದವರಿಗೆ ದೊರೆಯುವ ಗೌರವ. ಓದನ್ನು ನಡುವೆಯೇ ಬಿಡುವ ಸ್ಥಿತಿಯಲ್ಲಿರುವವರಿಗೆ ಬೇಕಾಗಿರುವುದು ವಸತಿ ನಿಲಯದ ಶುಲ್ಕ, ಬಸ್ ಪಾಸ್, ಪರೀಕ್ಷಾ ಶುಲ್ಕ, ಶ್ರವಣ ಸಾಧನ ಅಥವಾ ಬ್ರೈಲ್ ಪುಸ್ತಕ. ಉದ್ದೇಶವನ್ನು ನಿಗದಿಪಡಿಸುವಾಗ ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು.

3. ಹಣವನ್ನು ವಿಶ್ವವಿದ್ಯಾಲಯದ ಬ್ಯಾಂಕ್ ಖಾತೆಗೆ ಜಮಾ ಮಾಡಿ ರಸೀದಿ ಪಡೆಯತಕ್ಕದ್ದು. ರೂ. 2,000ಕ್ಕಿಂತ ಹೆಚ್ಚಿನ ನಗದು ದೇಣಿಗೆಗೆ ಆದಾಯ ತೆರಿಗೆ ಕಡಿತ ದೊರೆಯುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೂ ದೇಣಿಗೆಯ ಮೇಲಿನ ಕಡಿತ ಅನ್ವಯಿಸುವುದಿಲ್ಲ.

4. ನಿವ್ವಳ ಲಾಭವು ರೂ. 5 ಕೋಟಿ ಅಥವಾ ಹೆಚ್ಚು ಇರುವುದೂ ಸೇರಿದಂತೆ ಕಂಪನಿಗಳ ಕಾಯ್ದೆ, 2013ರಲ್ಲಿ ಸೂಚಿಸಿರುವ ಮಿತಿಗಳಿಗೆ ಒಳಪಡುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಶಿಕ್ಷಣವೂ ಇದರಲ್ಲಿ ಸೇರಿದೆ.

5. ವಿದೇಶದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಭಾರತೀಯ ಪೌರರಾಗಿ ಮುಂದುವರಿದಿದ್ದಲ್ಲಿ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ನೀಡುವ ಹಣವು ವಿದೇಶಿ ದೇಣಿಗೆ ಎನಿಸುವುದಿಲ್ಲ. ವಿದೇಶಿ ಪೌರತ್ವ ಪಡೆದಿದ್ದಲ್ಲಿ ನಿಯಮವು ಬೇರೆ ಇದ್ದು, ಹಣ ಕಳುಹಿಸುವ ಮುನ್ನ ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿಯನ್ನು ವಿಚಾರಿಸತಕ್ಕದ್ದು.

ವಿದ್ಯಾರ್ಥಿಗಳ ಗಮನಕ್ಕೆ

ಸರ್ಕಾರದ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಅರ್ಜಿ ಸಲ್ಲಿಸಲಾಗುತ್ತದೆ. ದತ್ತಿನಿಧಿಯ ನೆರವು ಇದರಿಂದ ಬೇರೆಯಾದದ್ದು. ಸರ್ಕಾರಿ ವೇತನ ಪಡೆಯುತ್ತಿರುವವರೂ ಇದಕ್ಕೆ ಅರ್ಹರೇ ಎಂಬುದನ್ನು ಆಯಾ ದತ್ತಿಯ ಷರತ್ತಿನಲ್ಲಿ ನೋಡಿಕೊಳ್ಳಬೇಕು. ಕೇಳುವವರಿಲ್ಲವೆಂದು ಉಳಿದುಹೋಗುವ ಬಡ್ಡಿಯು ಅರ್ಹರೊಬ್ಬರ ಒಂದು ವರ್ಷದ ಓದಿಗೆ ಸಮ. ಆದ್ದರಿಂದ ವಿಚಾರಿಸಲು ಸಂಕೋಚಪಡಬಾರದು.

ಅ) ತಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದೆ ಎಂಬುದನ್ನು ತಿಳಿದುಕೊಂಡು, ಪ್ರಾಂಶುಪಾಲರಲ್ಲಿ ಅಥವಾ ಕುಲಸಚಿವರ ಕಚೇರಿಯಲ್ಲಿ ದತ್ತಿಗಳ ಪಟ್ಟಿಯನ್ನು ಕೇಳುವುದು.

ಆ) ಪ್ರವೇಶ ರಸೀದಿ, ಹಿಂದಿನ ವರ್ಷದ ಅಂಕಪಟ್ಟಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು. ಅಂಗವಿಕಲ ವಿದ್ಯಾರ್ಥಿಗಳು ವಿಶಿಷ್ಟ ಗುರುತಿನ ಚೀಟಿಯ ಪ್ರತಿಯನ್ನೂ ಇಟ್ಟುಕೊಳ್ಳುವುದು.

ಇ) ಪಟ್ಟಿ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ದತ್ತಿಯ ಮೂಲಧನ, ಬಡ್ಡಿ ಮತ್ತು ವಿತರಣೆಯಾಗದೆ ಉಳಿದ ಮೊತ್ತದ ವಿವರವನ್ನೂ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಎಚ್ಚರಿಕೆ

ದತ್ತಿಯು ಪ್ರವೇಶಕ್ಕೆ ನೀಡುವ ಹಣವಲ್ಲ. ಸೀಟಿಗಾಗಿ ದೇಣಿಗೆ ಕೇಳುವುದನ್ನು ಕರ್ನಾಟಕ ಶಿಕ್ಷಣ ಸಂಸ್ಥೆಗಳ ಕ್ಯಾಪಿಟೇಶನ್ ಶುಲ್ಕ ನಿಷೇಧ ಅಧಿನಿಯಮ, 1984 ನಿಷೇಧಿಸಿದೆ. ಅದೇ ರೀತಿ, ದಾನಿಗಳಿಂದ ನಿಧಿ ಬಂದಿದೆಯೆಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಶಾಸನಬದ್ಧ ಕರ್ತವ್ಯಗಳು ಕಡಿಮೆಯಾಗುವುದಿಲ್ಲ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 5 ಸೀಟುಗಳನ್ನು ಮೀಸಲಿಡಬೇಕು. ಇದು ಹಕ್ಕು, ದತ್ತಿಯು ಅದರ ಮೇಲಿನ ಹೆಚ್ಚುವರಿ ನೆರವು ಮಾತ್ರ.

ದಾನಿಗಳು ಉದ್ದೇಶವನ್ನು ಸ್ಪಷ್ಟವಾಗಿ ದಾಖಲಿಸುವಂತೆಯೂ, ಅರ್ಹ ವಿದ್ಯಾರ್ಥಿಗಳು ಸಕಾಲದಲ್ಲಿ ಅರ್ಜಿ ಸಲ್ಲಿಸಿ ಸೌಲಭ್ಯದ ಸದುಪಯೋಗ ಪಡೆದುಕೊಳ್ಳುವಂತೆಯೂ ಕೋರಲಾಗಿದೆ.